ಬೆತ್ತಕ್ಕೂ ಮೊದಲು ವಯಸ್ಸಿನ ಲೆಕ್ಕ

ಹಿರಿಯರ ಕಾಲದಲ್ಲಿ ಮಕ್ಕಳನ್ನು ಬೆತ್ತ ಹಿಡಿದೇ ತಿದ್ದುತ್ತಿದ್ದರು, ಅದೇ ನಮ್ಮ ಧಾರ್ಮಿಕ ಪರಂಪರೆ ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಕೇಳಿಬರುತ್ತದೆ. ಭದ್ರಾವತಿಯ ನ್ಯೂ ಟೌನ್‌ನಂತಹ ಕಾರ್ಖಾನೆ ಬಡಾವಣೆಗಳಲ್ಲಿ ಈ ಮಾತಿಗೆ ಬಲ ಹೆಚ್ಚು. ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1918ರಲ್ಲಿ ಕಬ್ಬಿಣ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಕುಲುಮೆ ಉರಿಯಿತು. ಅಂದಿನಿಂದ ಬದುಕು ಪಾಳಿಯ ಲೆಕ್ಕದಲ್ಲಿ ಸಾಗಿತು. ಹಿರಿಯರ ಶಿಸ್ತನ್ನೇ ಮಕ್ಕಳಿಂದಲೂ ನಿರೀಕ್ಷಿಸುವುದು ಇಂತಹ ಕಡೆ ಸಹಜವೆನಿಸುತ್ತದೆ. ಆದರೆ ಇತಿಹಾಸವು ಬೇರೆಯೇ ಸಂಗತಿಯನ್ನು ಹೇಳುತ್ತದೆ.

ಬೆತ್ತದ ಶಿಕ್ಷಣವು ಈ ನಾಡಿನಲ್ಲಿ ಒಂದು ಸಮುದಾಯಕ್ಕೆ ಸೀಮಿತವಾಗಿರಲಿಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತಮ್ಮ ಜಿಲ್ಲೆಯ ಶಾಲೆಗಳ ಕುರಿತು ಮದ್ರಾಸಿಗೆ ವರದಿ ಕಳುಹಿಸಿದರು. ಒಟ್ಟು 533 ಶಾಲೆಗಳಲ್ಲಿ 235 ಕನ್ನಡದವು, 21 ಪಾರ್ಸಿಯವು. 6,641 ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು 243 ಮಾತ್ರ. ಸೋಮಾರಿ ಮಕ್ಕಳನ್ನು ಹೊಡೆಯುತ್ತಿದ್ದರು, ಎರಡೂ ಕೈಗಳನ್ನು ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು, ಬಸ್ಕಿ ಹೊಡೆಸುತ್ತಿದ್ದರು ಎಂದು ಅದರಲ್ಲಿ ದಾಖಲಾಗಿದೆ. ತೂಗುಹಾಕುವ ಈ ಶಿಕ್ಷೆಯನ್ನೇ ನಮ್ಮ ಅಜ್ಜಂದಿರು ಕೋದಂಡ ಎಂದು ಕರೆದರು.

ಅದೇ ವರದಿಯ ಇನ್ನೊಂದು ವಿವರ ಗಮನಾರ್ಹ. ಬೆಳಿಗ್ಗೆ ಮೊದಲು ಬಂದ ಬಾಲಕನ ಅಂಗೈಗೆ ಗೌರವದ ಗುರುತು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏಟು ಏರುತ್ತಾ ಹೋಗುತ್ತಿತ್ತು. ಎಲ್ಲ ಮಕ್ಕಳೂ ಸೂರ್ಯೋದಯಕ್ಕೆ ಮೊದಲೇ ಎದ್ದು ಓಡಿಬಂದರೂ ಯಾರಾದರೊಬ್ಬನು ಕೊನೆಯವನಾಗಲೇಬೇಕು. ಆದ್ದರಿಂದ ಆ ಶಿಕ್ಷೆಯು ತಪ್ಪಿಗೆ ಸಿಕ್ಕಿದ್ದಲ್ಲ, ಯಾರಿಂದಲೂ ಪೂರೈಸಲಾಗದ ನಿರೀಕ್ಷೆಗೆ ಸಿಕ್ಕಿದ್ದು.

ಇಸ್ಲಾಮೀ ಪರಂಪರೆಯ ವಿದ್ವಾಂಸರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಇಂದಿನ ಟ್ಯುನೀಷಿಯಾದ ಖೈರವಾನ್ ನಗರದ ಇಬ್ನ್ ಸಹ್ನೂನ್ (ನಿಧನ 870) ಅಧ್ಯಾಪಕರಿಗಾಗಿಯೇ ಗ್ರಂಥವೊಂದನ್ನು ರಚಿಸಿ, ಏಟಿಗೆ ಮೂರರ ಮಿತಿ ಹಾಕಿದರು. ಅದನ್ನು ಮೀರಲು ತಂದೆಯ ಅನುಮತಿ ಬೇಕಿತ್ತು. ಅದೇ ನಗರದ ಅಲ್ ಖಾಬಿಸೀ (ನಿಧನ 1012) ಕೋಪದಲ್ಲಿ ಹೊಡೆಯುವುದನ್ನೂ ತಲೆ, ಮುಖಗಳಿಗೆ ಹೊಡೆಯುವುದನ್ನೂ ನಿಷೇಧಿಸಿದರು. ಅವರು ಬೆತ್ತವನ್ನು ಪೂರ್ತಿಯಾಗಿ ಕೈಬಿಡಲಿಲ್ಲ ಎಂಬುದು ನಿಜ. ಆದರೆ ಅವರ ಶ್ರಮವೆಲ್ಲ ಅದನ್ನು ಕಟ್ಟಿಹಾಕುವುದಕ್ಕಾಗಿತ್ತು. ಇಮಾಮ್ ಗಝಾಲಿ (ನಿಧನ 1111) ಇನ್ನೂ ಮುಂದೆ ಹೋದರು: ಮಗುವಿನ ಮೊದಲ ತಪ್ಪನ್ನು ಕಾಣದಂತೆ ಇರಬೇಕು, ಮರುಕಳಿಸಿದರೆ ಏಕಾಂತದಲ್ಲಿ ತಿಳಿಹೇಳಬೇಕು, ಪಾಠ ಮುಗಿದ ಮೇಲೆ ಆಟಕ್ಕೆ ಬಿಡದಿದ್ದರೆ ಮಗುವಿನ ಮನಸ್ಸು ಸಾಯುತ್ತದೆ. 1377ರಲ್ಲಿ ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮದಲ್ಲಿ ಕಠೋರತೆಯ ಫಲವನ್ನು ವಿವರಿಸಿದರು. ಭಯದಲ್ಲಿ ಬೆಳೆದ ಮಗು ಕಲಿಯುವುದು ಸುಳ್ಳು, ಕಪಟ ಮತ್ತು ಆಲಸ್ಯ. ಮುಂದೆ ಅದೇ ಅದರ ಸ್ವಭಾವವಾಗಿಬಿಡುತ್ತದೆ.

ಈ ವಿದ್ವಾಂಸರ ಮುಂದೆ ಪ್ರವಾದಿ ಮುಹಮ್ಮದ್(ಸ)ರ ಮಾದರಿಯಿತ್ತು. ಏಳನೆಯ ವಯಸ್ಸಿನಲ್ಲಿ ನಮಾಝ್‌ಗೆ ಆದೇಶಿಸಿರಿ, ಹತ್ತರಲ್ಲಿ ಅದರ ಬಗ್ಗೆ ಬಿಗಿಯಾಗಿರಿ ಎಂಬ ಹದೀಸ್ ಎಲ್ಲರಿಗೂ ತಿಳಿದಿದೆ. ಅದರಲ್ಲಿ ಹೊಡೆತದ ಪ್ರಸ್ತಾಪವನ್ನು ಮಾತ್ರ ನೆನಪಿಟ್ಟುಕೊಳ್ಳುವವರು ನಡುವಿನ ಮೂರು ವರ್ಷಗಳನ್ನು ಮರೆಯುತ್ತಾರೆ. ದಿನಕ್ಕೆ ಐದು ಬಾರಿಯಂತೆ ಆ ಮೂರು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಸಲ ಮಗುವನ್ನು ತಾಳ್ಮೆಯಿಂದ ಕರೆಯುವ ಅವಕಾಶ ಪೋಷಕರಿಗಿದೆ. ಅದನ್ನು ಬಳಸದವರು ಹತ್ತರ ಮಾತನ್ನು ಎತ್ತುವುದು ನ್ಯಾಯವಲ್ಲ. ಏಳಕ್ಕೂ ಮುಂಚೆಯಂತೂ ಆದೇಶವೇ ಇಲ್ಲ.

ಬಾಲಕ ಅನಸ್(ರ)ರನ್ನು ಒಮ್ಮೆ ಪ್ರವಾದಿ(ಸ) ಕೆಲಸವೊಂದಕ್ಕೆ ಕಳುಹಿಸಿದರು. ಅವರು ದಾರಿಯಲ್ಲಿ ಆಡುತ್ತಿದ್ದ ಹುಡುಗರ ಬಳಿ ನಿಂತುಬಿಟ್ಟರು. ಪ್ರವಾದಿ(ಸ) ಹಿಂದಿನಿಂದ ಬಂದು ಹಿಡಿದುಕೊಂಡಾಗ ಅವರ ಮುಖದಲ್ಲಿದ್ದುದು ನಗು. ಹೇಳಿದ ಕಡೆ ಹೋದೆಯಾ ಎಂದು ಅಕ್ಕರೆಯಿಂದ ವಿಚಾರಿಸಿದರು. ಇಲ್ಲಿ ಕೆಲಸವೂ ರದ್ದಾಗಲಿಲ್ಲ, ಹುಡುಗನೂ ಅವಮಾನಿತನಾಗಲಿಲ್ಲ. ಆಟ ಕಂಡಲ್ಲಿ ಬಾಲಕ ನಿಲ್ಲುತ್ತಾನೆ ಎಂಬ ಅರಿವು ಅವರಿಗಿತ್ತು. ಹತ್ತು ವರ್ಷಗಳ ಸೇವೆಯಲ್ಲಿ ಒಮ್ಮೆಯೂ ಬೇಸರದ ಉದ್ಗಾರ ಕೇಳಲಿಲ್ಲವೆಂದು ಅದೇ ಅನಸ್(ರ) ಮುಂದೆ ಸಾಕ್ಷಿ ನುಡಿದರು.

ಇಂದು ಕಾನೂನೂ ಇದೇ ದಿಕ್ಕಿನಲ್ಲಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮನೆಯೊಳಗಿನ ಮಾತು ನಮ್ಮ ಕೈಯಲ್ಲಿದೆ. ರಾತ್ರಿ ಪಾಳಿ ಮುಗಿಸಿ ತಂದೆ ಮಲಗಿರುವ ಎರಡು ಕೋಣೆಯ ಮನೆಯಲ್ಲಿ ಐದು ವರ್ಷದ ಮಗು ಹಗಲಿಡೀ ಸದ್ದಿಲ್ಲದೆ ಕೂರಲಾರದು. ಅದನ್ನು ಬಯಲಿಗೆ ಕರೆದೊಯ್ಯುವುದು ಹಿರಿಯರ ಹೊಣೆ. ಕೂರಲಿಲ್ಲವೆಂದು ಹೊಡೆದರೆ ಅದು ಬಳ್ಳಾರಿಯ ಕೊನೆಯ ಹುಡುಗನಿಗೆ ಬಿದ್ದ ಏಟೇ ಆಗುತ್ತದೆ.

ಆದ್ದರಿಂದ ಕೈ ಎತ್ತುವ ಮುನ್ನ ಪೋಷಕರು ತಮ್ಮನ್ನು ಕೇಳಿಕೊಳ್ಳಲಿ: ನಾನು ಬಯಸುತ್ತಿರುವುದು ಈ ವಯಸ್ಸಿಗೆ ಸಾಧ್ಯವೇ? ಅದನ್ನು ನಾನು ಎಷ್ಟು ಸಲ ತಾಳ್ಮೆಯಿಂದ ಕಲಿಸಿದ್ದೇನೆ? ಮಕ್ಕಳು ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಅವರ ತಪ್ಪುಗಳ ಲೆಕ್ಕಕ್ಕಿಂತ ಮೊದಲು ನಮ್ಮ ನಿರೀಕ್ಷೆಗಳ ಲೆಕ್ಕವನ್ನು ನಾವು ಕೊಡಬೇಕಾಗಿದೆ.