ಗಾಳಿಕೋವಿಯ ನಳಿಗೆಯ ಅಳತೆ

ಬೇಟೆಯ ಆಯುಧಗಳಲ್ಲಿ ಗಾಳಿಕೋವಿಯು ಅತ್ಯಲ್ಪವಾದುದೆಂದೂ, ಜಾತ್ರೆಯ ಬೀದಿಯಲ್ಲಿ ಬೆಲೂನು ಒಡೆಯುವುದಕ್ಕೆ ಮಾತ್ರ ತಕ್ಕ ಆಟದ ಸಾಮಾನೆಂದೂ ನಮ್ಮಲ್ಲಿ ಅನೇಕರು ಭಾವಿಸಿರುವರು. ಮದ್ದಿಲ್ಲ, ಹೊಗೆಯಿಲ್ಲ, ಸಿಡಿಲಿನಂತಹ ಸದ್ದಿಲ್ಲ. ಇಂತಹ ಸಾಧನದ ಚರಿತ್ರೆಯಲ್ಲಿ ವಿಚಾರ ಮಾಡತಕ್ಕದ್ದು ಏನಿದ್ದೀತೆಂದು ಕೇಳುವವರೂ ಉಂಟು. ಆದರೆ ಇದರ ನಳಿಗೆಯ ರಂಧ್ರವು ಎಷ್ಟು ಅಗಲವಿರಬೇಕೆಂಬ ಒಂದು ಪ್ರಶ್ನೆಯನ್ನು ಕುರಿತು ಇಂಗ್ಲೆಂಡಿನ ಸಣ್ಣ ಬೇಟೆಗಾರರು ಒಂದು ಶತಮಾನಕ್ಕೂ ಮೇಲ್ಪಟ್ಟು ವಾದಿಸುತ್ತ ಬಂದಿರುವರು. 0.177, 0.22, 0.25 ಅಂಗುಲ ಎಂಬ ಮೂರು ಅಳತೆಗಳೇ ಆ ವಾದದ ಮೂರು ಪಕ್ಷಗಳು. ಮೇಲುನೋಟಕ್ಕೆ ಇದು ಕಮ್ಮಾರನ ಲೆಕ್ಕದಂತೆ ತೋರುವುದು. ಒಳಹೊಕ್ಕು ನೋಡಿದರೆ, ಕೈಯಲ್ಲಿರುವ ಅಲ್ಪಶಕ್ತಿಯಿಂದ ಒಂದು ಸಣ್ಣ ಜೀವವನ್ನು ನೋವಿಲ್ಲದಂತೆ ಒಡನೆಯೇ ಮುಗಿಸುವುದು ಹೇಗೆಂಬ ಧರ್ಮಸೂಕ್ಷ್ಮವೇ ಇದರಲ್ಲಿ ಅಡಗಿರುವುದು ಕಾಣುವುದು.

ವಾಚಕರಿಗೆ ಮೊದಲು ಆಶ್ಚರ್ಯವಾಗುವ ಸಂಗತಿಯೆಂದರೆ, ಗಾಳಿಕೋವಿಯು ಆದಿಯಲ್ಲಿ ಅಲ್ಪಾಯುಧವಾಗಿರಲಿಲ್ಲವೆಂಬುದು. ಸುಮಾರು 1580ರಲ್ಲಿ ತಿದಿಯ ಗಾಳಿಯಿಂದ ನಡೆಯುವಂತೆ ಮಾಡಿದ ಕೋವಿಯೊಂದನ್ನು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ರಾಜಾಯುಧಶಾಲೆಯಲ್ಲಿ ಕಾಪಾಡಿರುವರು. 17ನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿನ ದೊರೆ ನಾಲ್ವಡಿ ಹೆನ್ರಿಯ ಆಸ್ಥಾನದ ಶಿಲ್ಪಿ ಮರೀನ್ ಬೂರ್ಜ್ವಾ ಎಂಬಾತನು ಗಾಳಿಯನ್ನು ಒತ್ತಿ ತುಂಬಿಡುವ ಕೋವಿಯನ್ನು ರಚಿಸಿದನು. ಮುಂದಿನ ಶತಮಾನದಲ್ಲಿ ಜರ್ಮನಿಯ ಅರಸುಮನೆಗಳವರು ಇಂತಹ ಕೋವಿಗಳಿಂದ ದೊಡ್ಡ ಸಾರಂಗಗಳನ್ನೂ ಹೊಡೆಯುತ್ತಿದ್ದರು.

ಈ ಹಳೆಯ ಪರಂಪರೆಯ ಶಿಖರವೆಂದರೆ ಟಿರೋಲ್ ಪ್ರಾಂತದ ಬಾರ್ತಲೊಮೇಯಸ್ ಗಿರಾರ್ಡೋನಿಯು ನಿರ್ಮಿಸಿದ ಬಂದೂಕು. ಸುಮಾರು 1780ರಲ್ಲಿ ಆಸ್ಟ್ರಿಯದ ಸೈನ್ಯವು ಇದನ್ನು ಅಂಗೀಕರಿಸಿತು. ಇದರ ಗುಂಡು ಸುಮಾರು 12 ಮಿಲಿಮೀಟರ್ ಅಡ್ಡಳತೆಯದು. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತರಷ್ಟು ಗುಂಡುಗಳು ಸಾಲಾಗಿ ಕುಳಿತಿರುತ್ತಿದ್ದುವು. ಹೆಗಲಿಗಿಡುವ ಹಿಡಿಯೇ ಗಾಳಿಯ ಭಂಡಾರವಾಗಿದ್ದಿತು. ಅಮೆರಿಕದ ಪಶ್ಚಿಮ ಸೀಮೆಯನ್ನು ಶೋಧಿಸಲು 1803ರಲ್ಲಿ ಹೊರಟ ಮೆರಿವೆದರ್ ಲೂಯಿಸನು ಇಂತಹುದೊಂದು ಗಾಳಿಕೋವಿಯನ್ನು ಸಂಗಡ ಒಯ್ದಿದ್ದನು. ಆತನ ದಿನಚರಿಯ ಮೊದಲನೆಯ ದಿನದಲ್ಲಿಯೇ, ಎಂದರೆ 1803ನೆಯ ಆಗಸ್ಟ್ 30ರಂದು, ಒಂದು ಅನಾಹುತವು ದಾಖಲಾಗಿರುವುದು. ಕೋವಿಯ ಪರಿಚಯವಿಲ್ಲದವನೊಬ್ಬನ ಕೈಯಲ್ಲಿ ಅದು ತಾನಾಗಿ ಹಾರಿ, ಸುಮಾರು 40 ಗಜ ದೂರದಲ್ಲಿದ್ದ ಹೆಂಗಸೊಬ್ಬಳ ಟೋಪಿಯನ್ನು ತೂರಿ ಕಣತಲೆಯನ್ನು ಗಾಯಗೊಳಿಸಿತು. ಆಕೆ ಸತ್ತಳೆಂದೇ ಎಲ್ಲರೂ ಬಗೆದರು. ದೈವವಶಾತ್ ಗಾಯವು ಪ್ರಾಣಾಂತಿಕವಾಗಿರಲಿಲ್ಲ. ಸದ್ದಿಲ್ಲದ ಕೋವಿಯು ಸಾಧುವೆಂದು ನಂಬುವವರು ಈ ಪ್ರಸಂಗವನ್ನು ನೆನೆಯಬೇಕು.

ಇಷ್ಟು ದೊಡ್ಡ ಗುಂಡನ್ನು ಗಾಳಿಯು ಹೊತ್ತೊಯ್ಯಬಲ್ಲುದಾಗಿದ್ದರೆ, ಅನಂತರ ಅದು ಕುಗ್ಗಿದುದೇಕೆ? ಉತ್ತರವು ಗಾಳಿ ತುಂಬುವ ಶ್ರಮದಲ್ಲಿದೆ. ಗಿರಾರ್ಡೋನಿಯ ಭಂಡಾರವನ್ನು ತುಂಬಬೇಕಾದರೆ ಕೈಪಂಪನ್ನು ಸುಮಾರು ಸಾವಿರದೈನೂರು ಸಲ ಒತ್ತಬೇಕಾಗಿದ್ದಿತೆಂದು ಹೇಳುವರು. ಭಂಡಾರವು ಸೋರಿದರೆ ಅದನ್ನು ಸರಿಮಾಡುವ ಕುಶಲಿಗಳು ಎಲ್ಲೆಡೆಯಲ್ಲಿಯೂ ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜನಸಾಮಾನ್ಯರ ಕೈಗೆ ಬಂದ ಗಾಳಿಕೋವಿಯ ಕ್ರಮವೇ ಬೇರೆ. ಅದರೊಳಗೆ ಉಕ್ಕಿನ ಸುರುಳಿಯೊಂದಿರುವುದು. ತೋಳಿನ ಒಂದೇ ಎಳೆತದಿಂದ ಆ ಸುರುಳಿಯನ್ನು ಅದುಮಿ ಸಿಕ್ಕಿಸಿಟ್ಟು, ಕುದುರೆಯನ್ನು ಒತ್ತಿದೊಡನೆ ಸುರುಳಿಯು ಚಿಮ್ಮಿ ಕೊಂತವನ್ನು ಮುಂದೂಡುವುದು. ಕೊಂತದ ಮುಂದಿನ ಗಾಳಿಯು ಕ್ಷಣಮಾತ್ರದಲ್ಲಿ ಬಿಗಿದು ಗುಂಡನ್ನು ಹೊರದೂಡುವುದು. ಒಂದು ಎಳೆತಕ್ಕೆ ಒಂದು ಗುಂಡು. ಆದುದರಿಂದ ಗುಂಡಿಗೆ ದೊರೆಯುವ ಶಕ್ತಿಯು ಒಂದು ತೋಳಿನ ಒಂದು ಎಳೆತದ ಶಕ್ತಿಗಿಂತ ಮಿಗಿಲಾಗಲಾರದು. ಶಕ್ತಿಯು ಕಿರಿದಾದೊಡನೆ ಗುಂಡೂ ಕಿರಿದಾಯಿತು. ಇರುವ ಅಲ್ಪಶಕ್ತಿಯನ್ನು ವೇಗಕ್ಕೆ ಕೊಡುವುದೇ, ತೂಕಕ್ಕೆ ಕೊಡುವುದೇ ಎಂಬ ವಿವಾದವು ಹುಟ್ಟಿದುದು ಇಲ್ಲಿಯೇ.

ಅಮೆರಿಕದ ಮಿಷಿಗನ್ ಸಂಸ್ಥಾನದ ಪ್ಲಿಮತ್ ಊರಿನಲ್ಲಿ ಗಾಳಿಯಂತ್ರಗಳನ್ನು ಮಾಡುತ್ತಿದ್ದ ಕಂಪೆನಿಯೊಂದು 1888ರಲ್ಲಿ ಲೋಹದ ಆಟದ ಕೋವಿಯನ್ನು ಕೈಗೊಂಡು, ಅದರಿಂದಲೇ ಹೆಸರಾಗಿ 1895ರಲ್ಲಿ ಡೈಸಿ ಕಂಪೆನಿಯೆಂದು ಹೆಸರನ್ನು ಬದಲಿಸಿಕೊಂಡಿತು. ಇದು ಹುಡುಗರ ಕೋವಿ. ದೊಡ್ಡವರ ಗಾಳಿಕೋವಿಯು ನಿಜವಾಗಿ ರೂಪುಗೊಂಡುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಬೋಯರ್ ಯುದ್ಧವು 1902ರಲ್ಲಿ ಮುಗಿದ ಬಳಿಕ, ಸಾಮಾನ್ಯ ಪ್ರಜೆಗಳೂ ಗುರಿಯಿಡುವುದನ್ನು ಕಲಿಯಬೇಕೆಂಬ ಉತ್ಸಾಹವು ಆ ದೇಶದಲ್ಲಿ ಹಬ್ಬಿತು. ಲಿಂಕನ್ ಜೆಫ್ರೀಸ್ ಎಂಬಾತನು 1904ರಲ್ಲಿ ಹೊಸ ರಚನೆಯೊಂದಕ್ಕೆ ಹಕ್ಕುಪತ್ರವನ್ನು ಪಡೆದನು, ಬಿ.ಎಸ್.ಎ. ಕಾರ್ಖಾನೆಯವರು 1905ರಿಂದ ಅದನ್ನು ತಯಾರಿಸಿದರು. ನಳಿಗೆಯೊಳಗೆ ತಿರುಚುಗೆರೆಗಳಿದ್ದುದರಿಂದ ಗುಂಡು ಬುಗುರಿಯಂತೆ ಸುತ್ತುತ್ತ ನೇರವಾಗಿ ಹೋಗುತ್ತಿದ್ದಿತು. ಪಾನಗೃಹಗಳ ಕೂಟಗಳಲ್ಲಿ ಆರು ಗಜ ದೂರದ ಕಬ್ಬಿಣದ ಹಲಗೆಯ ಸಣ್ಣ ರಂಧ್ರದೊಳಗೆ ಗುಂಡನ್ನು ತೂರಿಸಿ, ಹಿಂದಿನ ಗಂಟೆಯನ್ನು ಬಾರಿಸುವ ಪಂದ್ಯಗಳು ನಡೆದುವು. ಇದಕ್ಕೆ ಒಪ್ಪಿದ ಅಳತೆಯು 0.177 ಅಂಗುಲ, ಕಾರ್ಖಾನೆಯವರು ಇದನ್ನು ಒಂದನೆಯ ನಂಬರಿನ ನಳಿಗೆಯೆಂದು ಕರೆದರು. ಹೀಗೆ ಅತ್ಯಂತ ಸಣ್ಣ ಅಳತೆಯು ಗಂಟೆ ಬಾರಿಸುವ ಆಟದಲ್ಲಿ ಹೆಸರಾಯಿತು.

ಆದರೆ ಕೋವಿಯು ಮನೆಯೊಳಗೇ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಬೇಟೆಯ ಹಕ್ಕು ಭೂಮಾಲಿಕರದಾಗಿದ್ದು, ಗೇಣಿದಾರನು ತನ್ನ ಬೆಳೆಯನ್ನು ಮೊಲಗಳು ಮೇಯುತ್ತಿದ್ದರೂ ಕೈಕಟ್ಟಿ ನೋಡಬೇಕಾಗಿದ್ದಿತು. 1880ರ ಶಾಸನವು ತಾನು ಉಳುವ ನೆಲದ ಮೊಲಗಳನ್ನು ಕೊಲ್ಲುವ ಹಕ್ಕನ್ನು ಆತನಿಗೆ ಕೊಟ್ಟಿತು. ಕಾಲು ಶತಮಾನದ ಬಳಿಕ ಅಗ್ಗವಾದ ಗಾಳಿಕೋವಿಯೂ ದೊರೆಯಿತು. ಹೊಲದ ಬದುವಿನ ಮೊಲ, ಕಣಜದ ಹೆಗ್ಗಣ, ಕಾಳಿಗೆರಗುವ ಕಾಡುಪಾರಿವಾಳ ಇವೇ ಆಗ ಗುರಿಗಳಾದುವು. ಕಬ್ಬಿಣದ ಹಲಗೆಗೆ ಗುಂಡು ಅರ್ಧ ಅಂಗುಲ ಪಕ್ಕಕ್ಕೆ ತಗುಲಿದರೆ ಗಂಟೆ ಬಾರಿಸುವುದಿಲ್ಲ, ಅಷ್ಟೆ. ಮೊಲಕ್ಕೆ ಹಾಗೆ ತಗುಲಿದರೆ ಅದು ಬಿಲದೊಳಗೆ ಓಡಿಹೋಗಿ, ಯಾರ ಕಣ್ಣಿಗೂ ಬೀಳದೆ, ಗಂಟೆಗಟ್ಟಲೆ ನರಳಿ ಸಾಯುವುದು. ಈ ಕಾರಣದಿಂದ ಕಾರ್ಖಾನೆಯವರು 0.22 ಅಂಗುಲದ ಎರಡನೆಯ ನಂಬರನ್ನೂ, 0.25 ಅಂಗುಲದ ಮೂರನೆಯ ನಂಬರನ್ನೂ ಹೊರತಂದರು.

ಈ ಮೂರರ ತಾರತಮ್ಯವನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾಧಾರಣವಾದ 0.177ರ ಗುಂಡು ಅರ್ಧ ಗ್ರಾಮಿಗೆ ತುಸು ಮಿಗಿಲು, ಎಂದರೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಸುಮಾರು ನಾಲ್ಕು ಗುಲಗಂಜಿ, 0.22ರ ಗುಂಡು ಸುಮಾರು ಎಂಟು ಗುಲಗಂಜಿ, 0.25ರದು ಹನ್ನೊಂದು. ಹನ್ನೆರಡು ಪೌಂಡಿನ ಭಾರವನ್ನು ಒಂದು ಅಡಿ ಎತ್ತುವಷ್ಟು ಶಕ್ತಿಯನ್ನು ಮೂರಕ್ಕೂ ಸಮವಾಗಿ ಕೊಟ್ಟೆವೆನ್ನೋಣ. ಆಗ ಮೊದಲನೆಯದು ಸೆಕೆಂಡಿಗೆ ಸುಮಾರು 250 ಮೀಟರ್, ಎರಡನೆಯದು 186, ಮೂರನೆಯದು 158 ಮೀಟರ್ ವೇಗದಿಂದ ಹೊರಡುವುದು. ಗಾಳಿಯ ತಡೆಯನ್ನು ಗಣಿಸದಿದ್ದರೂ, 30 ಮೀಟರ್ ಹೋಗುವಷ್ಟರಲ್ಲಿ ಭೂಮಿಯ ಸೆಳೆತದಿಂದ ಅವು ಕ್ರಮವಾಗಿ 7, 13, 18 ಸೆಂಟಿಮೀಟರ್ ಕೆಳಗಿಳಿಯುವುವು. ಗುಂಡಿನ ಮುಖದ ವಿಸ್ತಾರವಾದರೋ ಸುಮಾರು 16, 24, 32 ಚದರ ಮಿಲಿಮೀಟರ್. ಎಂದರೆ ಮೂರನೆಯದು ಮಾಡುವ ರಂಧ್ರವು ಮೊದಲನೆಯದರ ಇಮ್ಮಡಿ.

ಇಲ್ಲಿಯೇ ವಾದಕ್ಕೆ ಆಸ್ಪದ. ಸಣ್ಣ ಗುಂಡು ಬೇಗನೆ ಹೋಗುವುದು, ಹೆಚ್ಚು ನೇರವಾಗಿ ಹೋಗುವುದು. ದೂರವನ್ನು ಅಂದಾಜು ಮಾಡುವುದರಲ್ಲಿ ಬೇಟೆಗಾರನು ನಾಲ್ಕೈದು ಗಜ ತಪ್ಪಿದರೂ ಗುರಿಯು ಬಹಳ ಕೆಡುವುದಿಲ್ಲ. ಆದರೆ ಅದು ಸೂಜಿಯಂತೆ ತೂರಿ ಆಚೆಗೆ ಹೋಗಿಬಿಡಬಹುದು. ಮರ್ಮಕ್ಕೆ ತಗುಲದಿದ್ದರೆ ಹಕ್ಕಿಯು ಗಾಯದೊಡನೆಯೇ ಹಾರಿಹೋಗುವುದು. ದೊಡ್ಡ ಗುಂಡು ತನ್ನ ಶಕ್ತಿಯನ್ನು ಪ್ರಾಣಿಯ ದೇಹದಲ್ಲಿಯೇ ವ್ಯಯಮಾಡುವುದು. ಆದರೆ ಅದರ ದಾರಿ ಬಿಲ್ಲಿನಂತೆ ಬಾಗಿರುವುದರಿಂದ, ದೂರದ ಅಂದಾಜು ಸ್ವಲ್ಪ ತಪ್ಪಿದರೂ ತಲೆಗೆ ಇಟ್ಟ ಗುರಿಯು ದವಡೆಗೆ ತಗುಲುವುದು. ಗರಿಗೆ ಸಣ್ಣದು, ತುಪ್ಪಟಕ್ಕೆ ದೊಡ್ಡದು ಎಂಬರ್ಥದ ನಾಣ್ನುಡಿಯೊಂದು ಇಂಗ್ಲಿಷ್ ಬೇಟೆಗಾರರಲ್ಲಿ ರೂಢವಾಯಿತು. ಮೂರನೆಯ ನಂಬರು ಕಣಜದೊಳಗಿನ ಹೆಗ್ಗಣಗಳಿಗೆ, ಹತ್ತು ಹದಿನೈದು ಗಜಗಳ ಒಳಗೆ, ಮೆಚ್ಚುಗೆ ಪಡೆಯಿತೇ ಹೊರತು, ಬಯಲಿನಲ್ಲಿ 0.22ರಷ್ಟು ಬಳಕೆಗೆ ಬರಲಿಲ್ಲ.

ಈ ವಾದವು ಬಗೆಹರಿಯದೆ ಇದ್ದುದಕ್ಕೆ ವೆಬ್ಲಿ ಕಾರ್ಖಾನೆಯವರ 1932ರ ಕೋವಿಯೇ ಸಾಕ್ಷಿ. ಒಂದೇ ಕೋವಿಗೆ ಮೂರು ಅಳತೆಯ ನಳಿಗೆಗಳನ್ನೂ ಬದಲಾಯಿಸಿ ತೊಡಿಸಬಹುದಾಗಿದ್ದಿತು; ಎಂದರೆ ಕಾರ್ಖಾನೆಯವರು ತೀರ್ಪನ್ನು ಕೊಳ್ಳುವವನಿಗೇ ಬಿಟ್ಟರು. ಅಮೆರಿಕದ ಶೆರಿಡನ್ ಕಂಪೆನಿಯವರು 1947ರಲ್ಲಿ 0.20 ಅಂಗುಲದ ಹೊಸ ಅಳತೆಯನ್ನು ತಂದು ಮಧ್ಯಮಾರ್ಗವನ್ನು ಹಿಡಿದರು. 1969ರಲ್ಲಿ ಬ್ರಿಟಿಷ್ ಸರ್ಕಾರವು, ವಿಶೇಷ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವ ಗಾಳಿಬಂದೂಕಿನ ಶಕ್ತಿಯು 12 ಅಡಿ-ಪೌಂಡನ್ನು ಮೀರಕೂಡದೆಂದು ವಿಧಿಸಿತು. ತೋಳಿನ ಎಳೆತವು ಹಾಕಿದ್ದ ಎಲ್ಲೆಯನ್ನು ಈಗ ಕಾನೂನೂ ಹಾಕಿತು. ಮುಂದೆ 1980ರ ದಶಕದಿಂದ ಗಿರಾರ್ಡೋನಿಯ ತತ್ತ್ವವು ಮರುಹುಟ್ಟು ಪಡೆದು, ಮೊದಲೇ ಗಾಳಿ ತುಂಬಿಟ್ಟ ಕೋವಿಗಳು ಪ್ರಚಾರಕ್ಕೆ ಬಂದುವು. ಶಕ್ತಿಗೆ ಅಂತಹ ಮಿತಿಯಿಲ್ಲದ ಅಮೆರಿಕದಲ್ಲಿ 0.25ರ ಗುಂಡಿಗೆ ಬೇಕಾದ ವೇಗವು ದೊರೆತು, ಹಿಂದೆ ಸರಿದಿದ್ದ ಆ ಅಳತೆಯು ಮುಂದೆ ಬಂದಿತು. ಇದರಿಂದ ತಿಳಿಯುವುದೇನೆಂದರೆ, ಅಳತೆಯು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದು ಶಕ್ತಿಯನ್ನು ಅನುಸರಿಸತಕ್ಕದ್ದು. ಶಕ್ತಿಯು ಅಲ್ಪವಾಗಿರುವಲ್ಲಿ ಕೊರತೆಯನ್ನು ತುಂಬಬೇಕಾದುದು ಬೇಟೆಗಾರನ ಕಣ್ಣು, ಸಹನೆ ಮತ್ತು ಹೊಡೆಯದೆ ಬಿಡುವ ವಿವೇಕ. ಮೊಲದ ಮರ್ಮಸ್ಥಾನವು ಅಂಗುಲದಷ್ಟೇ ಅಗಲ. ಆ ಅಂಗುಲಕ್ಕೆ ತಪ್ಪದೆ ಹೊಡೆಯಬಲ್ಲ ದೂರವೇ ಅವನ ಕೋವಿಯ ನಿಜವಾದ ದೂರ. ಅದಕ್ಕೆ ಮೀರಿದಲ್ಲಿ ಮೂರು ನಂಬರುಗಳೂ ಕ್ರೂರವೇ.

ನಮ್ಮ ದೇಶದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಈಗ ಉಳಿದಿಲ್ಲವೆನ್ನಬಹುದು. 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ ಅದರ ತಿದ್ದುಪಡಿಗಳೂ ಕಾಡಿನ ಮೊಲವನ್ನಾಗಲಿ ಗೌಜಲನ್ನಾಗಲಿ ಬೇಟೆಯಾಡುವುದನ್ನು ನಿಷೇಧಿಸಿವೆ. ಕಾಗೆ, ಇಲಿ, ಬಾವಲಿಗಳನ್ನು ಉಪದ್ರವಿಗಳೆಂದು ಎಣಿಸಿದ್ದ ಪಟ್ಟಿಯನ್ನು ಸಹ 2022ರ ತಿದ್ದುಪಡಿಯು ತೆಗೆದುಹಾಕಿತು. 2016ರ ಆಯುಧ ನಿಯಮಗಳು 4.5 ಮಿಲಿಮೀಟರಿಗೆ, ಎಂದರೆ 0.177 ಅಂಗುಲಕ್ಕೆ, ಮಿಕ್ಕ ನಳಿಗೆಗೂ 20 ಜೂಲ್‌ಗೆ ಮೀರಿದ ಶಕ್ತಿಗೂ ಪರವಾನಗಿಯನ್ನು ವಿಧಿಸಿವೆ. ಆದುದರಿಂದ ಗಂಟೆ ಬಾರಿಸುವ ಪಂದ್ಯದ ಆ ಸಣ್ಣ ಅಳತೆಯೇ ನಮ್ಮಲ್ಲಿ ಗುರಿಯ ಹಲಗೆಗೆ ಮೀಸಲಾಗಿ ಉಳಿದಿರುವುದು.

ಕೊನೆಯಲ್ಲಿ ಒಂದು ಪ್ರಸಂಗ. 20ನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಬಾಲಕನೊಬ್ಬನು ಸೋದರಮಾವನು ಕೊಟ್ಟ ಆಟದ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದನು. ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯಿದ್ದುದನ್ನು ಕಂಡು ಅಚ್ಚರಿಗೊಂಡು, ಇದು ಯಾವ ಹಕ್ಕಿಯೆಂದು ಕೇಳಲು ಅಲ್ಲಿನ ನಿಸರ್ಗಚರಿತ್ರೆಯ ಸಂಘಕ್ಕೆ ಹೋದನು. ಆ ಬಾಲಕನೇ ಸಲೀಂ ಅಲಿ. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದವರೂ ಅವರೇ. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಚರಿತ್ರೆಗೆ ಅವರು ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು. ನಾಲ್ಕು ಗುಲಗಂಜಿ ತೂಕದ ಗುಂಡು ಒಂದು ಜೀವವನ್ನು ತೆಗೆಯಬಲ್ಲುದು. ತೆಗೆದ ಜೀವವನ್ನು ಕೈಯಲ್ಲಿ ಹಿಡಿದು ಇದು ಯಾವುದೆಂದು ಕೇಳುವ ಮನಸ್ಸಿದ್ದರೆ, ಅದೇ ಗುಂಡು ಸಾವಿರಾರು ಜೀವಗಳ ರಕ್ಷಣೆಗೂ ಕಾರಣವಾಗಬಲ್ಲುದು.