ದುರಸ್ತಿ ಅಂಗಡಿಗೊಂದು ಹೆಸರು

ಹುಟ್ಟಿದ ಮಗುವಿಗೆ ಹನ್ನೆರಡನೆಯ ದಿನ ಹೆಸರಿಡುವ ಪದ್ಧತಿ ನಮ್ಮಲ್ಲುಂಟು. ನಾಡಿಗೆ ಹೆಸರಿಡುವುದಕ್ಕೆ ಮಾತ್ರ ನಮಗೆ ಹದಿನೇಳು ವರ್ಷಗಳು ಬೇಕಾದವು. 1956ರ ನವೆಂಬರ್ 1ರಂದು ಒಂದುಗೂಡಿದ ರಾಜ್ಯವು ‘ಮೈಸೂರು’ ಎಂಬ ಹೆಸರಿನಿಂದಲೇ ನಡೆದು, 1973ರ ನವೆಂಬರ್ 1ರಂದು ‘ಕರ್ನಾಟಕ’ವಾಯಿತು. ಅಂಗಡಿಯ ಹೆಸರಿಗಾದರೋ ಅಷ್ಟು ವ್ಯವಧಾನವೆಲ್ಲಿದೆ? ಕರಾರಿಗೆ ಸಹಿ ಬಿದ್ದ ದಿನದಿಂದ ಬಾಡಿಗೆ ಏರತೊಡಗುತ್ತದೆ. ಬೋರ್ಡು ಮಾಡುವವನು ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಚಾಲ್ತಿ ಖಾತೆಯನ್ನು ಯಾವ ಹೆಸರಿನಲ್ಲಿ ತೆರೆಯಬೇಕೆಂದು ಬ್ಯಾಂಕಿನವರು ಕೇಳುತ್ತಾರೆ.

ಹಾಗೆ ಕೇಳುವ ಬ್ಯಾಂಕಿನವರಲ್ಲಿ ನಾನೂ ಒಬ್ಬನು. ಆದ್ದರಿಂದಲೇ ಈ ವಿಷಯ ನನ್ನ ಪಾಲಿಗೆ ಬಂದಿತು. ನಮ್ಮ ಮುಂಬಯಿಯ ಪರಿಚಿತ ಮನೆತನದ ತರುಣನೊಬ್ಬನು ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ಹಾಕಲು ಹೊರಟಿದ್ದಾನೆ. ಹಾಕುತ್ತಿರುವ ಹಣ ತಂದೆಯ ಪ್ರಾವಿಡೆಂಟ್ ಫಂಡಿನದು. ಹೆಸರು ಕನ್ನಡದ್ದಾಗಿರಲಿ ಎಂದು ತಾಯಿಯ ಆಸೆ. ಕನ್ನಡದ ಹೆಸರು ಕಂಡರೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನೆಂದು ಮಗನ ಅಂಜಿಕೆ. ಮನೆಯಲ್ಲಿ ಇದೊಂದು ಸಣ್ಣ ಜಗಳವೇ ಆಗಿದೆ. ಬಿ.ಕಾಂ. ಓದಿದವನೆಂದು ನನ್ನನ್ನು ಪಂಚಾಯಿತಿಗೆ ಕೂರಿಸಿದರು. ಹೆಸರಿಡುವ ಪಾಠ ನಮಗೆ ಕಾಲೇಜಿನಲ್ಲಿ ಇರಲಿಲ್ಲ. ಆದರೆ ಜಗತ್ತಿನ ದೊಡ್ಡ ದೊಡ್ಡ ಯಂತ್ರೋದ್ಯಮಗಳೆಲ್ಲ ಒಂದು ಕಾಲಕ್ಕೆ ಇಂಥ ಸಣ್ಣ ಅಂಗಡಿಗಳೇ ಆಗಿದ್ದವಷ್ಟೆ. ಅವು ಹೆಸರನ್ನು ಹೇಗೆ ಪಡೆದವೆಂದು ನೋಡಿದರೆ ಏನಾದರೂ ದಾರಿ ಕಂಡೀತೆಂದು ಹೊರಟೆ.

ಮೊದಲು ಅತಿ ಸುಲಭವಾದ ವಿಧಾನ: ಒಡೆಯನ ಹೆಸರನ್ನೇ ಅಂಗಡಿಗೆ ಇಡುವುದು. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದ ಪಾಲೋ ಆಲ್ಟೋ ಎಂಬ ಊರಿನಲ್ಲಿ ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು 1938ರಲ್ಲಿ ಒಂದು ಮೋಟಾರು ಗ್ಯಾರೇಜಿನಲ್ಲಿ ಕೆಲಸ ಪ್ರಾರಂಭಿಸಿದರು. ಅವರ ಬಂಡವಾಳ 538 ಡಾಲರು. 1939ರ ಮೊದಲ ದಿನ ಪಾಲುದಾರಿಕೆಯನ್ನು ವಿಧಿವತ್ತಾಗಿ ಮಾಡಿಕೊಂಡಾಗ ಯಾರ ಹೆಸರು ಮುಂದೆ ಎಂಬ ಪ್ರಶ್ನೆ ಬಂದಿತು. ನಾಣ್ಯ ಚಿಮ್ಮಿ ನೋಡಿದರು, ಹ್ಯೂಲೆಟ್ ಗೆದ್ದ. ಇಂದು ನಮ್ಮ ಕಚೇರಿಗಳ ಮುದ್ರಣಯಂತ್ರಗಳ ಮೇಲೆ ಕಾಣುವ ‘ಎಚ್.ಪಿ.’ ಎಂಬ ಎರಡಕ್ಷರಗಳ ಅನುಕ್ರಮಕ್ಕೆ ಆ ನಾಣ್ಯವೇ ಕಾರಣ. ಇವರ ಇನ್ನೊಂದು ಜಾಣತನವನ್ನೂ ಹೇಳಬೇಕು. ತಾವು ತಯಾರಿಸಿದ ಮೊತ್ತಮೊದಲ ಉಪಕರಣಕ್ಕೆ ಅವರು ‘ಒಂದು’ ಎಂದು ಹೆಸರಿಡಲಿಲ್ಲ. ‘200 ಎ’ ಎಂದು ಇಟ್ಟರು. ಇವರು ಈ ಕಸಬಿಗೆ ಹೊಸಬರಲ್ಲ, ಹಿಂದೆ ಅನೇಕ ಯಂತ್ರಗಳನ್ನು ಮಾಡಿರಬೇಕೆಂದು ಕೊಳ್ಳುವವರು ತಿಳಿಯಲಿ ಎಂದು! ನಿನ್ನೆ ತೆರೆದ ಅಂಗಡಿಯಲ್ಲಿ ಮೊದಲ ರಸೀತಿಗೇ ಐನೂರೊಂದನೆಯ ನಂಬರು ಹಾಕುವ ನಮ್ಮ ವ್ಯಾಪಾರಿಗಳ ಸಂಪ್ರದಾಯಕ್ಕೆ ಸಾಗರದಾಚೆಯೂ ನೆಂಟರಿದ್ದಾರೆಂದಾಯಿತು.

ಆದರೆ ನಮ್ಮ ತರುಣನ ಅಂಗಡಿಗೆ ಹೆಚ್ಚು ಹತ್ತಿರವಾದ ಕಥೆ ಜಪಾನಿನದು. 1945ರಲ್ಲಿ ಯುದ್ಧ ಮುಗಿದು ಟೋಕಿಯೋ ನಗರ ಬಾಂಬುಗಳಿಂದ ಸುಟ್ಟು ಬಿದ್ದಿದ್ದಾಗ, ನಿಹೊಂಬಾಶಿ ಎಂಬಲ್ಲಿ ಹಾಳಾದ ದೊಡ್ಡ ಮಳಿಗೆಯೊಂದರ ಮೂರನೆಯ ಅಂತಸ್ತಿನಲ್ಲಿ ಮಸಾರು ಇಬುಕಾ ಎಂಬ ಎಂಜಿನಿಯರನು ಕೆಲವೇ ಜನರೊಡನೆ ಕುಳಿತು ರೇಡಿಯೋ ದುರಸ್ತಿ ಮಾಡತೊಡಗಿದನು. ಯುದ್ಧಕಾಲದಲ್ಲಿ ಕೆಟ್ಟುಹೋದ ರೇಡಿಯೋಗಳು ಮನೆಮನೆಯಲ್ಲಿಯೂ ಇದ್ದವು. ಜನರಿಗೆ ಸುದ್ದಿಯ ಹಸಿವು. ಆಕಿಯೋ ಮೊರಿತಾ ಎಂಬವನು ಬಂದು ಇವನೊಡನೆ ಕೂಡಿಕೊಂಡನು. 1946ರ ಮೇ ತಿಂಗಳಲ್ಲಿ ಅದೊಂದು ಕಂಪನಿಯಾಯಿತು. ಹೆಸರು ‘ಟೋಕಿಯೋ ತ್ಸೂಶಿನ್ ಕೋಗ್ಯೋ’. ಎಂದರೆ ಟೋಕಿಯೋ ದೂರಸಂಪರ್ಕ ಇಂಜಿನಿಯರಿಂಗ್ ಸಂಸ್ಥೆ. ಹೆಸರೇನೋ ಸತ್ಯವಾಗಿತ್ತು, ಗಂಭೀರವಾಗಿತ್ತು. ನಮ್ಮ ಕಡೆ ‘ಶ್ರೀ ಲಕ್ಷ್ಮೀವೆಂಕಟೇಶ್ವರ ಕಂಪ್ಯೂಟರ್ ಸೇಲ್ಸ್ ಸರ್ವಿಸ್ ಆ್ಯಂಡ್ ಸಪೋರ್ಟ್’ ಎಂದು ಇಡುತ್ತಾರಲ್ಲ, ಅದೇ ಮಾದರಿ.

ಮೊರಿತಾ ಅಮೆರಿಕೆಗೆ ಹೋದಾಗ ಆ ಹೆಸರನ್ನು ಯಾರಿಂದಲೂ ಉಚ್ಚರಿಸಲಾಗಲಿಲ್ಲ. ಸಂಕ್ಷೇಪವಾದ ‘ತೋತ್ಸುಕೋ’ವೂ ಅವರ ನಾಲಗೆಗೆ ಹೊರಳಲಿಲ್ಲ. ಮೂರಕ್ಷರಗಳಲ್ಲಿ ‘ಟಿ.ಟಿ.ಕೆ.’ ಎನ್ನೋಣವೆಂದರೆ ಟೋಕಿಯೋದಲ್ಲಿಯೇ ‘ಟಿ.ಕೆ.ಕೆ.’ ಎಂಬ ರೈಲ್ವೆ ಕಂಪನಿ ಇತ್ತು. ಆಗ ಗೆಳೆಯರಿಬ್ಬರೂ ನಿಘಂಟುಗಳನ್ನು ಹರಡಿಕೊಂಡು ಕುಳಿತರು. ಲ್ಯಾಟಿನ್ ಭಾಷೆಯಲ್ಲಿ ‘ಸೋನಸ್’ ಎಂದರೆ ನಾದ. ಇವರ ಉದ್ಯೋಗಕ್ಕೆ ಒಪ್ಪುವ ಪದ. ಚುರುಕು ಹುಡುಗರನ್ನು ‘ಸನ್ನಿ’ ಎಂದು ಇಂಗ್ಲಿಷಿನಲ್ಲಿ ಕರೆಯುತ್ತಿದ್ದ ರೂಢಿಯೂ ಅವರ ಮನಸ್ಸಿನಲ್ಲಿತ್ತು. ಆದರೆ ‘ಸನ್ನಿ’ಯನ್ನು ಜಪಾನಿನವರು ಅಕ್ಷರಶಃ ಓದಿದರೆ ‘ಸೊನ್ ನೀ’ ಎಂದಾಗುತ್ತದೆ. ‘ಸೊನ್’ ಎಂದರೆ ಅವರ ಭಾಷೆಯಲ್ಲಿ ನಷ್ಟ. ಯಾವ ವ್ಯಾಪಾರಿಯು ತನ್ನ ಬೋರ್ಡಿನ ಮೇಲೆ ನಷ್ಟವೆಂದು ಬರೆಸಿಯಾನು? ಒಂದು ‘ನ’ಕಾರವನ್ನು ತೆಗೆದುಹಾಕಿದರು, ‘ಸೋನಿ’ ಉಳಿಯಿತು. 1955ರಲ್ಲಿ ಅವರ ಟ್ರಾನ್ಸಿಸ್ಟರ್ ರೇಡಿಯೋ ಈ ಹೆಸರನ್ನು ಹೊತ್ತು ಹೊರಬಂದಿತು. 1958ರ ಜನವರಿಯಲ್ಲಿ ಕಂಪನಿಯ ಹೆಸರೇ ‘ಸೋನಿ’ಯಾಯಿತು.

ಇದಕ್ಕೆ ಆಕ್ಷೇಪವೆತ್ತಿದವರು ಯಾರೆಂದು ವಾಚಕರು ಊಹಿಸಬಲ್ಲರು: ಬ್ಯಾಂಕಿನವರು! ಹಳೆಯ ಹೆಸರನ್ನು ಜನಕ್ಕೆ ಪರಿಚಯ ಮಾಡಿಸಲು ಹತ್ತು ವರ್ಷ ಹಿಡಿದಿರುವಾಗ ಈ ಅರ್ಥವಿಲ್ಲದ ಬದಲಾವಣೆ ಏಕೆಂದು ಅವರ ಮುಖ್ಯ ಬ್ಯಾಂಕಾದ ಮಿತ್ಸುಯಿ ಕೇಳಿತು. ಹೋಗಲಿ, ‘ಸೋನಿ ವಿದ್ಯುನ್ಮಾನ ಉದ್ಯಮ’ ಎಂದಾದರೂ ಇಡಿ ಎಂಬ ಸಲಹೆಯೂ ಬಂದಿತು. ಮೊರಿತಾ ಒಪ್ಪಲಿಲ್ಲ. ಹೆಸರು ಯಾವುದೋ ಒಂದು ಉದ್ಯಮಕ್ಕೆ ಕಟ್ಟುಬೀಳಬಾರದು ಎಂಬುದು ಅವನ ವಾದ. ಇಲ್ಲಿ ನನ್ನ ಮನಸ್ಸು ಬ್ಯಾಂಕಿನ ಪರವಾಗಿ ಸ್ವಲ್ಪ ವಾಲುತ್ತದೆ, ಏಕೆಂದರೆ ಹೆಸರು ಬದಲಾದಾಗ ಕಾಗದಪತ್ರಗಳನ್ನೆಲ್ಲ ತಿದ್ದುವವರು ನಾವು. ಆದರೆ ಮುಂದೆ ಅದೇ ಕಂಪನಿ ಚಲನಚಿತ್ರ, ಸಂಗೀತ, ವಿಮೆಗಳವರೆಗೂ ಕೈಚಾಚಿದುದನ್ನು ನೋಡಿದರೆ ಮೊರಿತಾ ಹೇಳಿದ್ದೇ ಸರಿಯಾಯಿತು.

1955ರ ಇನ್ನೊಂದು ಪ್ರಸಂಗವನ್ನು ಬಿಡಲಾಗದು. ಬುಲೋವಾ ಎಂಬ ಅಮೆರಿಕೆಯ ಗಡಿಯಾರದ ಕಂಪನಿಯು ಒಂದು ಲಕ್ಷ ರೇಡಿಯೋಗಳಿಗೆ ಬೇಡಿಕೆಯಿಟ್ಟಿತು. ಷರತ್ತು ಒಂದೇ, ಅವುಗಳ ಮೇಲೆ ಬುಲೋವಾ ಹೆಸರಿರಬೇಕು. ಹಣದ ಮೊತ್ತ ಸೋನಿಯ ಆಗಿನ ಬಂಡವಾಳಕ್ಕಿಂತ ಎಷ್ಟೋ ಪಾಲು ಹೆಚ್ಚು. ಒಪ್ಪಿಕೋ ಎಂದು ಟೋಕಿಯೋದಿಂದ ತಂತಿ ಬಂದರೂ ಮೊರಿತಾ ನಿರಾಕರಿಸಿದ. ನಿನ್ನ ಹೆಸರನ್ನು ಯಾರು ಕೇಳಿದ್ದಾರೆ, ನಮ್ಮದು ಐವತ್ತು ವರ್ಷದ ಹೆಸರು ಎಂದು ಆ ಖರೀದಿದಾರ ಹೇಳಿದಾಗ, ಐವತ್ತು ವರ್ಷದ ಹಿಂದೆ ನಿಮ್ಮ ಹೆಸರೂ ಹೀಗೆಯೇ ಅಪರಿಚಿತವಾಗಿತ್ತಲ್ಲವೆ ಎಂದು ಕೇಳಿದನಂತೆ. ಮನೆಯ ಸಾಲ ಹೊತ್ತವರು ಹೀಗೆ ಮಾಡಲಾರರು. ಆದರೂ ಓದುವಾಗ ಎದೆಯುಬ್ಬುತ್ತದೆ.

ಇಂಟೆಲ್ ಕಂಪನಿಯದು ಚಿಕ್ಕ ಕಥೆ. 1968ರಲ್ಲಿ ಮೂರ್ ಮತ್ತು ನಾಯ್ಸ್ ಎಂಬಿಬ್ಬರು ಸೇರಿದಾಗ ಹೆಸರುಗಳನ್ನು ಕೂಡಿಸಿದರೆ ಇಂಗ್ಲಿಷಿನಲ್ಲಿ ‘ಹೆಚ್ಚು ಗದ್ದಲ’ ಎಂದು ಕೇಳಿಸುತ್ತಿತ್ತು. ವಿದ್ಯುನ್ಮಾನ ಯಂತ್ರದಲ್ಲಿ ಗದ್ದಲವೆಂದರೆ ದೋಷ. ಆದ್ದರಿಂದ ‘ಇಂಟಿಗ್ರೇಟೆಡ್ ಇಲೆಕ್ಟ್ರಾನಿಕ್ಸ್’ನಿಂದ ‘ಇಂಟೆಲ್’ ಮಾಡಿಕೊಂಡರು. ಹೋಲುವ ಹೆಸರು ಇನ್ನೊಬ್ಬರದಾಗಿದ್ದುದರಿಂದ 15,000 ಡಾಲರು ತೆತ್ತು ಹಕ್ಕನ್ನು ಕೊಂಡರು. ಹಾಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳದವರು ‘ಆಪಲ್’ನವರು. 1976ರಲ್ಲಿ ಸ್ಟೀವ್ ಜಾಬ್ಸ್ ಸೇಬಿನ ತೋಟವೊಂದರಿಂದ ಹಿಂತಿರುಗಿ ಬಂದು ಸೂಚಿಸಿದ ಹೆಸರು ಅದು. ದೂರವಾಣಿ ಪುಸ್ತಕದಲ್ಲಿ ‘ಅಟಾರಿ’ಗಿಂತ ಮುಂದೆ ಬರುತ್ತದೆಂಬ ಲಾಭವೂ ಇತ್ತು. ಆದರೆ ಲಂಡನ್ನಿನ ಬೀಟಲ್ಸ್ ಗಾಯಕರ ಕಂಪನಿಯ ಹೆಸರೂ ‘ಆಪಲ್’. 1978ರಲ್ಲಿ ಪ್ರಾರಂಭವಾದ ವ್ಯಾಜ್ಯವು ರಾಜಿಯಾಗುತ್ತ, ಮತ್ತೆ ಏಳುತ್ತ, ಕೊನೆಗೆ ಮುಗಿದದ್ದು 2007ರಲ್ಲಿ.

ಇನ್ನು ನಮ್ಮ ನೆಲಕ್ಕೆ ಬರೋಣ. ಇದೇ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬಲ್ಲಿ 1945ರಲ್ಲಿ ಒಂದು ವನಸ್ಪತಿ ಕಾರಖಾನೆ ಹುಟ್ಟಿತು. ‘ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್’ ಅದರ ಹೆಸರು. ಕಂಪ್ಯೂಟರಿಗೆ ಕೈಹಾಕುವ ಹೊತ್ತಿಗೆ ಆ ‘ವೆಜಿಟೆಬಲ್’ ಅಡ್ಡ ಬರುತ್ತಿತ್ತಲ್ಲವೆ? ಆದರೆ ಅಷ್ಟರಲ್ಲಿ ಅದು ‘ವಿಪ್ರೋ’ ಎಂದು ಸಂಕ್ಷೇಪಗೊಂಡಿತ್ತು. ಇಂದು ಅದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಆ ಎರಡಕ್ಷರದ ಹಿಂದೆ ಎಣ್ಣೆಯ ಕಾರಖಾನೆಯಿದೆಯೆಂದು ಎಷ್ಟು ಜನಕ್ಕೆ ಗೊತ್ತು?

ನಮ್ಮ ಕರಾವಳಿಯ ಬ್ಯಾಂಕುಗಳೂ ಇದೇ ಪಾಠವನ್ನು ಹೇಳುತ್ತವೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ನಾಲ್ಕೇ ವರ್ಷಗಳಲ್ಲಿ ಹೆಸರಿನ ಭಾರವನ್ನು ಇಳಿಸಿ ‘ಕೆನರಾ ಬ್ಯಾಂಕ್’ ಆಯಿತು. 1925ರಲ್ಲಿ ಉಡುಪಿಯಲ್ಲಿ ಉದಿಸಿದ ‘ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಮುಂದೆ ಬರಿಯ ‘ಸಿಂಡಿಕೇಟ್ ಬ್ಯಾಂಕ್’ ಆಯಿತು. 2020ರ ಏಪ್ರಿಲ್ 1ರಂದು ಇದು ಕೆನರಾ ಬ್ಯಾಂಕಿನಲ್ಲಿ ಲೀನವಾಗಿ ಬೋರ್ಡು ಇಳಿಯಿತು. ಆದರೆ ಅದು 1928ರಲ್ಲಿ ಪ್ರಾರಂಭಿಸಿದ ದಿನದುಳಿತಾಯದ ಯೋಜನೆಗೆ ಇಟ್ಟ ಹೆಸರನ್ನು ನೋಡಿ: ‘ಪಿಗ್ಮಿ’. ದಿನಕ್ಕೆ ಎರಡಾಣೆಯಷ್ಟು ಕುಬ್ಜವಾದ ಉಳಿತಾಯ! ಬ್ಯಾಂಕಿನ ಹೆಸರು ಹೋಯಿತು; ‘ಪಿಗ್ಮಿ ಕಟ್ಟುವುದು’ ಕನ್ನಡದ ಮಾತಾಗಿಯೇ ಉಳಿದಿದೆ.

ಇಲ್ಲಿ ಆ ತಾಯಿ ಮಗನ ವಾದಕ್ಕೂ ಉತ್ತರವಿದೆಯೆಂದು ನನಗೆ ತೋರುತ್ತದೆ. ‘ಕೆನರಾ’ ಎಂಬ ನಮ್ಮ ಸೀಮೆಯ ಹೆಸರನ್ನು ಕಂಡು ಮುಂಬಯಿಯ ಠೇವಣಿದಾರನು ಹಿಂಜರಿಯಲಿಲ್ಲ. 1942ರಲ್ಲಿ ರಾಮ ನಾಯಕರು ಮಾಟುಂಗಾದಲ್ಲಿ ‘ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್’ ತೆರೆದಾಗ ಊರಿನ ಹೆಸರನ್ನು ಮುಚ್ಚಿಡಲಿಲ್ಲ. ಹಾಗೆಂದು ನಮ್ಮ ತರುಣನು ಅಂಗಡಿಗೆ ‘ಉಡುಪಿ’ ಎಂದಿಟ್ಟರೆ ಗಿರಾಕಿಗಳು ದೋಸೆ ಕೇಳಿಯಾರು. ಎಲ್ಲರದೂ ಆದ ಹೆಸರು ಯಾರದೂ ಅಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ‘ಕಂಪ್ಯೂಟರ್ ರಿಪೇರಿ’ ಎಂದು ಕಸಬನ್ನಷ್ಟೇ ವರ್ಣಿಸುವ ಹೆಸರಿಗೆ ಟ್ರೇಡ್ ಮಾರ್ಕ್ ನೋಂದಣಿ ಸಿಗುವುದು ಕಷ್ಟ. 1958ರ ಹಳೆಯ ಕಾಯಿದೆಯಲ್ಲಿ ಸರಕುಗಳ ಗುರುತಿಗೆ ಮಾತ್ರ ನೋಂದಣಿಯಿತ್ತು. ದುರಸ್ತಿಯಂಥ ಸೇವೆಗೂ ಆ ರಕ್ಷಣೆ ದೊರೆತದ್ದು 1999ರ ಕಾಯಿದೆಯಿಂದ, ಅದು ಜಾರಿಯಾದದ್ದು 2003ರಲ್ಲಿ. ದುರಸ್ತಿ ಕೆಲಸ 37ನೆಯ ವರ್ಗಕ್ಕೆ ಸೇರುತ್ತದೆ. ಬೋರ್ಡು ಬರೆಸುವ ಮೊದಲೇ ಆ ವರ್ಗದಲ್ಲಿ ಹೋಲುವ ಹೆಸರಿದೆಯೇ ಎಂದು ನೋಡಿಕೊಂಡರೆ ಆಪಲ್ಲಿನ ಪಾಡು ತಪ್ಪೀತು.

ಕನ್ನಡದ ಹೆಸರಿಗೆ ಮುಂಬಯಿಯಲ್ಲಿ ಇನ್ನೊಂದು ಪರೀಕ್ಷೆಯುಂಟು, ಅದು ಲಿಪಿಯದು. 2022ರ ತಿದ್ದುಪಡಿಯಂತೆ ಮಹಾರಾಷ್ಟ್ರದ ಸಣ್ಣ ಅಂಗಡಿಯ ಬೋರ್ಡೂ ದೇವನಾಗರಿಯಲ್ಲಿರಬೇಕು, ಬೇರೆ ಲಿಪಿಯ ಅಕ್ಷರಗಳು ಅದಕ್ಕಿಂತ ದೊಡ್ಡವಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಪಾಲಿಸಲು ವರ್ತಕರಿಗೆ ಎರಡು ತಿಂಗಳ ಅವಧಿ ಕೊಟ್ಟಿತು. ಮರಾಠಿಯ ಬರವಣಿಗೆಯಲ್ಲಿ ನಮ್ಮ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಗುರುತಿನ ಬಳಕೆಯಿಲ್ಲ. ‘ಬೆಳಕು’ ಎಂದು ಬರೆಸಿದರೆ ಅಲ್ಲಿ ‘ಬೇಳಕು’ ಆಗುತ್ತದೆ; ‘ಹೊಸತು’ ‘ಹೋಸತು’ ಆಗುತ್ತದೆ. ‘ತೋತ್ಸುಕೋ’ವಿನ ಗತಿಯೇ. ಆದ್ದರಿಂದ ಎ, ಒ ಇಲ್ಲದ ಚಿಕ್ಕ ಮಾತುಗಳನ್ನು ಆರಿಸಿ ಒಂದು ಪಟ್ಟಿ ಮಾಡಿಕೊಟ್ಟೆ.

‘ಮಿಂಚು’ ಎಂದೆ, ಮಿಂಚು ಹೊಡೆದರೇ ಕಂಪ್ಯೂಟರ್ ಕೆಡುವುದು ಎಂದು ತರುಣನು ನಕ್ಕ. ‘ಕಿಡಿ’ಯನ್ನಂತೂ ದುರಸ್ತಿಯವನು ಬಾಯಲ್ಲಿಯೂ ತರಬಾರದು. ‘ಸರಿ’ ಎಂಬುದು ತಾಯಿಗೆ ಬಹಳ ಹಿಡಿಸಿತು. ಕೆಟ್ಟದ್ದನ್ನು ಸರಿಮಾಡುವ ಅಂಗಡಿಗೆ ಅದಕ್ಕಿಂತ ಒಪ್ಪುವ ಮಾತೆಲ್ಲಿದೆ? ಮರಾಠಿಯವರಿಗೆ ‘ಸರೀ’ ಎಂದರೆ ಮಳೆಯ ಸುರಿತ, ಅದೂ ಸುಂದರವೇ. ಆದರೆ ರೋಮನ್ ಅಕ್ಷರಗಳಲ್ಲಿ ಬರೆದಾಗ ಅದು ಸೀರೆಯ ಅಂಗಡಿಯಾಗುತ್ತದೆ; ದೂರವಾಣಿಯಲ್ಲಿ ಹೇಳಿದರೆ ‘ಸಾರಿ’ ಎಂದು ಕ್ಷಮೆ ಕೇಳಿದಂತಾಗುತ್ತದೆ. ಕೊನೆಯಲ್ಲಿ ಉಳಿದದ್ದು ‘ಜಾಣ’. ದೇವನಾಗರಿಯಲ್ಲಿ ಒಂದಕ್ಷರವೂ ಕೆಡುವುದಿಲ್ಲ. ಮರಾಠಿಯಲ್ಲಿ ‘ಜಾಣ್’ ಎಂದರೆ ತಿಳಿವಳಿಕೆ, ‘ಜಾಣಕಾರ್’ ಎಂದರೆ ಬಲ್ಲವನು. ಕಂಪ್ಯೂಟರ್ ಹೋಗಿ ನಾಳೆ ಬೇರೆ ಯಂತ್ರ ಬಂದರೂ ಅದು ಸಲ್ಲುತ್ತದೆ. ಹಿಂದಿಯವನು ಮಾತ್ರ ‘ಜಾನಾ’ ಎಂದು ಓದಿ ಹೊರಟುಹೋದಾನೆಂದು ತರುಣನ ಸಂದೇಹ. 37ನೆಯ ವರ್ಗದಲ್ಲಿ ಹುಡುಕಿ ನೋಡುವುದಾಗಿ ಹೇಳಿ ಪಟ್ಟಿಯನ್ನು ಮಡಿಸಿಕೊಂಡು ಹೋಗಿದ್ದಾನೆ. ಖಾತೆಯ ಅರ್ಜಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ.