ಗೋವೆ ಕಳೆದುಕೊಂಡದ್ದು

ಒಂದು ರಾಜ್ಯದಲ್ಲಿ ಒಂದೇ ಮತವಿದ್ದರೆ ಆ ರಾಜ್ಯ ಭದ್ರವಾಗಿರುತ್ತದೆ ಎಂಬ ನಂಬಿಕೆ ಹದಿನಾರನೆಯ ಶತಮಾನದ ಯುರೋಪಿನ ಬಹುತೇಕ ಅರಸರಲ್ಲಿತ್ತು. ಪೋರ್ಚುಗಲ್ಲಿನ ಅರಸರು ಆ ನಂಬಿಕೆಯನ್ನು ಹಡಗೇರಿಸಿ ಗೋವೆಗೂ ತಂದರು. ಅದರಿಂದ ಏನಾಯಿತೆಂಬುದನ್ನು ಕರಾವಳಿಯ ಕ್ರೈಸ್ತ ಕುಟುಂಬಗಳು ತಿಳಿದಿರಬೇಕು. ನಮ್ಮಲ್ಲಿ ಅನೇಕರ ಪೂರ್ವಜರು ಅಲ್ಲಿಂದಲೇ ಬಂದವರು. ಮತೀಯ ಅಸಹಿಷ್ಣುತೆಯ ಮಾತು ಬಂದಾಗ ನಾವು ಮೊದಲು ನೆನೆಯುವುದು ನಮ್ಮ ಮೇಲೆ ನಡೆದುದನ್ನು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ಸಂವಿಧಾನದ 25ನೇ ವಿಧಿಯನ್ನು ಮುಂದಿಟ್ಟು ನ್ಯಾಯ ಕೇಳಿದೆವು. ಕೇಳಿದ್ದು ಸರಿ. ನಮ್ಮ ಧರ್ಮದ ಹೆಸರಿನಲ್ಲಿ ನಡೆದುದನ್ನೂ ಅಷ್ಟೇ ನಿರ್ಭಿಡೆಯಿಂದ ಓದುವ ಋಣ ನಮ್ಮ ಮೇಲಿದೆ.

1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದಾಗ ಅವನಿಗೆ ಹೊನ್ನಾವರದ ತಿಮ್ಮಯ್ಯನೆಂಬ ಹಿಂದೂ ನಾಯಕನ ನೆರವಿತ್ತು. ಆಲ್ಬುಕರ್ಕ್ ಸತಿ ಪದ್ಧತಿಯನ್ನು ನಿಷೇಧಿಸಿದನಾದರೂ ಹಳ್ಳಿಗಳ ಹಳೆಯ ವ್ಯವಸ್ಥೆಗೆ ಕೈಹಾಕಲಿಲ್ಲ. ಮೂವತ್ತು ವರ್ಷಗಳಲ್ಲಿ ಗಾಳಿ ಬದಲಾಯಿತು. 1540ರಲ್ಲಿ ದೇವಾಲಯಗಳು ನೆಲಸಮವಾದವು. 1559ರ ರಾಜಾಜ್ಞೆಯೊಂದು ಅನಾಥರಾದ ಹಿಂದೂ ಮಕ್ಕಳನ್ನು ಕ್ರೈಸ್ತರ ವಶಕ್ಕೊಪ್ಪಿಸಿತು. ಮೂಲದಲ್ಲಿ ಅದು ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಇಲ್ಲದ ಮಕ್ಕಳಿಗಷ್ಟೇ ಅನ್ವಯಿಸುತ್ತಿತ್ತು. ಬರಬರುತ್ತ ತಂದೆ ಸತ್ತ ಮಗುವೆಲ್ಲ ಅನಾಥವೆಂದು ಅರ್ಥೈಸಲಾಯಿತು. ತಾಯಿ ಬದುಕಿರುವಾಗಲೇ ಮಗುವನ್ನು ಕೊಂಡೊಯ್ಯುವ ಕಾನೂನಿರುವ ಊರಿನಲ್ಲಿ ಯಾವ ವಿಧವೆ ನಿಂತಾಳು? 1560ರಲ್ಲಿ ಇನ್‌ಕ್ವಿಜಿಷನ್ ಎಂಬ ಧಾರ್ಮಿಕ ವಿಚಾರಣಾ ಪೀಠವೂ ಸ್ಥಾಪನೆಯಾಯಿತು. ಅಂಥ ಪೀಠ ಗೋವೆಗೆ ಬೇಕೆಂದು 1546ರಲ್ಲೇ ಅರಸನಿಗೆ ಬರೆದವರು ಸಂತ ಫ್ರಾನ್ಸಿಸ್ ಝೇವಿಯರರು. ನಾವು ಭಕ್ತಿಯಿಂದ ಸ್ಮರಿಸುವ ಸಂತರೂ ತಮ್ಮ ಕಾಲದ ಕಣ್ಣಿನಿಂದಲೇ ನೋಡಿದರೆಂಬುದನ್ನು ಮರೆಮಾಚಬೇಕಾಗಿಲ್ಲ.

ಜನ ಊರು ಬಿಡತೊಡಗಿದರು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ ನದಿ ದಾಟಿ ಇಂದಿನ ಫೋಂಡಾ ಸೀಮೆಗೆ ಬಂದರು. ಆ ಸೀಮೆ ಆಗ ಬಿಜಾಪುರದ ಆದಿಲಶಾಹಿಯದು. ಕ್ರೈಸ್ತ ಅರಸನ ನೆಲದಿಂದ ಹೊರಟ ಹಿಂದೂ ದೇವತೆಗಳಿಗೆ ಮುಸಲ್ಮಾನ ಸುಲ್ತಾನನ ನೆಲ ಆಶ್ರಯವಾಯಿತು!

ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ವಿಚಾರಣಾ ಪೀಠದ ಅಧಿಕಾರ ಮುಖ್ಯವಾಗಿ ನಡೆಯುತ್ತಿದ್ದುದು ದೀಕ್ಷಾಸ್ನಾನ ಪಡೆದವರ ಮೇಲೆ. 1561ರಿಂದ 1774ರವರೆಗೆ ಅದರ ಮುಂದೆ ನಿಂತ ಸುಮಾರು 16,000 ಮಂದಿಯಲ್ಲಿ ಹೆಚ್ಚಿನವರು ಹೊಸದಾಗಿ ಕ್ರೈಸ್ತರಾದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ನೆರೆಯವನ ಒಂದು ದೂರು ಸಾಕಾಗುತ್ತಿತ್ತು. ದೂರಿತ್ತವನಾರೆಂದು ಆರೋಪಿಗೆ ತಿಳಿಸುತ್ತಿರಲಿಲ್ಲ. 1736ರ ಆಜ್ಞೆಯೊಂದು ಧೋತರ ಉಡುವುದನ್ನೂ, ಅಂಗಳದಲ್ಲಿ ತುಳಸಿ ಬೆಳೆಸುವುದನ್ನೂ, ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಉಪ್ಪು ಹಾಕಿ ಅನ್ನ ಮಾಡಿದರೆ ವಿಶ್ವಾಸ ದೃಢವಾಗುತ್ತದೆ ಎಂದುಕೊಂಡವರ ವಿವೇಕಕ್ಕೆ ಏನೆನ್ನೋಣ? ಒಂದೇ ಧರ್ಮದ ಜನರನ್ನು ಒಗ್ಗೂಡಿಸಹೊರಟ ಆಡಳಿತ ಆ ಧರ್ಮದವರ ಅಡುಗೆಮನೆಗಳಲ್ಲೇ ಸಂಶಯವನ್ನು ಬಿತ್ತಿತು.

ಜ್ಞಾನಕ್ಕಾದ ನಷ್ಟವನ್ನು ಅಳೆಯಲು ಒಬ್ಬ ವೈದ್ಯನ ಕಥೆ ಸಾಕು. ಗಾರ್ಸಿಯಾ ದ ಓರ್ತಾ 1534ರಲ್ಲಿ ಗೋವೆಗೆ ಬಂದವನು. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟು, ಪೋರ್ಚುಗಲ್ಲಿನಲ್ಲಿ ಬಲವಂತದಿಂದ ಕ್ರೈಸ್ತರಾದ ಯೆಹೂದ್ಯ ಕುಟುಂಬದ ಮಗ. ಗೋವೆಯಲ್ಲಿ ಆತ ಹಿಂದೂ ವೈದ್ಯರಿಂದಲೂ ಮುಸ್ಲಿಂ ಹಕೀಮರಿಂದಲೂ ಕಲಿತ. ಅರಿಶಿನ, ಅಫೀಮು, ತೆಂಗು, ಮಾವು, ವೀಳ್ಯದೆಲೆ ಮೊದಲಾದವುಗಳ ಗುಣಗಳನ್ನೂ, ಕಾಲರಾ ರೋಗದ ಲಕ್ಷಣಗಳನ್ನೂ ಸಂವಾದರೂಪದಲ್ಲಿ ಬರೆದು 1563ರಲ್ಲಿ ಗೋವೆಯಲ್ಲೇ ಮುದ್ರಿಸಿದ. ನಾಲ್ಕೇ ವರ್ಷಗಳಲ್ಲಿ ಅದರ ಲ್ಯಾಟಿನ್ ಸಂಗ್ರಹ ಯುರೋಪಿನ ವಿದ್ವಾಂಸರ ಕೈಸೇರಿತು. ಭಾರತದ ಗಿಡಮೂಲಿಕೆಗಳನ್ನು ಯುರೋಪು ಸರಿಯಾಗಿ ಅರಿತದ್ದು ಬಹುಮಟ್ಟಿಗೆ ಈ ಗ್ರಂಥದಿಂದ. ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದ ಆರೋಪದ ಮೇಲೆ ಸುಟ್ಟರು. 1580ರಲ್ಲಿ ಓರ್ತಾನ ಎಲುಬುಗಳನ್ನೂ ಗೋರಿಯಿಂದ ತೆಗೆದು ಸುಟ್ಟರು. ಅಂಥ ಗ್ರಂಥ ಮತ್ತೊಂದು ಗೋವೆಯಲ್ಲಿ ಹುಟ್ಟಲಿಲ್ಲ.

ಹುಟ್ಟಿದ್ದು ಕೊಚ್ಚಿಯಲ್ಲಿ. ಡಚ್ಚರ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮುದ್ರಣವಾಯಿತು. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ಅದಕ್ಕೆ ದುಡಿದವರು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಗೋವೆಯಿಂದ ದಕ್ಷಿಣಕ್ಕೆ ಬಂದು ಕೊಚ್ಚಿಯ ಅರಸರ ಆಶ್ರಯದಲ್ಲಿ ನೆಲೆಸಿದ್ದ ಸಮುದಾಯದವರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ದೃಢೀಕರಣ ಪತ್ರವನ್ನು ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲೇ ಕಾಣಬಹುದು. ಆ ಪತ್ರ ಹೊರಬಂದ ಆರು ವರ್ಷಗಳಿಗೆ, 1684ರಲ್ಲಿ, ಗೋವೆಯ ವೈಸರಾಯ್ ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನಾಡಬೇಕೆಂದು ಆಜ್ಞೆ ಹೊರಡಿಸಿದ. ಕೊಂಕಣಿ ಸಾಯಲಿಲ್ಲ, ಆದರೆ ಚದುರಿತು. ಇಂದು ನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಷೋ-ಅರೇಬಿಕ್ ಎಂಬ ಐದು ಲಿಪಿಗಳಲ್ಲಿ ಅದನ್ನು ಬರೆಯುತ್ತಾರೆ. ಒಂದೇ ನುಡಿಯ ಜನ ಪರಸ್ಪರರ ಪುಸ್ತಕ ಓದಲಾರರು.

ಗೋವೆಯ ಅವನತಿಗೆ ಇದೊಂದೇ ಕಾರಣವೆಂದರೆ ಇತಿಹಾಸಕ್ಕೆ ಅಪಚಾರ. ಡಚ್ಚರ ಪೈಪೋಟಿ, ಮೇಲಿಂದ ಮೇಲೆ ಎರಗಿದ ಸಾಂಕ್ರಾಮಿಕ ರೋಗಗಳು ಆ ನಗರವನ್ನು ಹಣ್ಣುಮಾಡಿದ್ದವು. ಕಷ್ಟಕಾಲದಲ್ಲಿ ಆಸರೆಯಾಗಬಲ್ಲ ವರ್ತಕರು, ಕುಶಲಕರ್ಮಿಗಳು ಗಡಿಯಾಚೆ ಹೋಗಿಬಿಟ್ಟಿದ್ದುದು ಪೆಟ್ಟನ್ನು ಮತ್ತಷ್ಟು ಆಳವಾಗಿಸಿತು. 1759ರಲ್ಲಿ ವೈಸರಾಯರೇ ಹಳೆಯ ನಗರವನ್ನು ತೊರೆದು ಪಣಜಿ ಸೇರಿದರು.

ಇತ್ತ ಕನ್ನಡ ಕರಾವಳಿಯಲ್ಲಿ ವೀರಶೈವ ಮತದ ಕೆಳದಿಯ ನಾಯಕರು ಗೋವೆಯಿಂದ ಬಂದ ಹಿಂದೂಗಳಿಗೂ ಕ್ರೈಸ್ತರಿಗೂ ನೆಲೆ ಕೊಟ್ಟರು. ಬಂದ ಕ್ರೈಸ್ತರೆಲ್ಲ ವಿಚಾರಣಾ ಪೀಠಕ್ಕೆ ಹೆದರಿ ಬಂದವರಲ್ಲ; ಬರಗಾಲ, ಮರಾಠರ ದಾಳಿಗಳೂ ಅವರನ್ನು ಓಡಿಸಿದ್ದವು. ಬೇಸಾಯ ಬಲ್ಲ ಕೈಗಳು ನಾಯಕರಿಗೆ ಬೇಕಿದ್ದವು, ಯಾವ ದೇವರಿಗೆ ಮುಗಿಯುವ ಕೈಗಳೆಂದು ಅವರು ಕೇಳಲಿಲ್ಲ. ಗೋವೆಯವರು ಉಣ್ಣುತ್ತಿದ್ದ ಅಕ್ಕಿಯ ಬಹುಪಾಲು ಮಂಗಳೂರು, ಬಸರೂರು, ಹೊನ್ನಾವರ ಬಂದರುಗಳಿಂದಲೇ ಹೋಗುತ್ತಿತ್ತು.

ವಿಚಾರಣಾ ಪೀಠ 1774ರಲ್ಲಿ ರದ್ದಾಗಿ, 1778ರಲ್ಲಿ ಮತ್ತೆ ತಲೆಯೆತ್ತಿ, 1812ರಲ್ಲಿ ಕೊನೆಗಂಡಿತು. ಅದರ ಕಡತಗಳಲ್ಲಿ ಹೆಚ್ಚಿನವನ್ನು ಸುಟ್ಟುಹಾಕಿದ್ದರಿಂದ ನೊಂದವರ ಮಾತುಗಳೂ ಬೂದಿಯಾದವು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಮಾನವನ ಹಕ್ಕೆಂದು ಸಾರಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೇ ಜಾನ್ ಪಾಲರು ಸತ್ಯದ ಹೆಸರಿನಲ್ಲಿ ಬಳಸಿದ ಅಸಹಿಷ್ಣುತೆಯ ಮಾರ್ಗಗಳಿಗಾಗಿ ದೇವರ ಕ್ಷಮೆ ಬೇಡಿದರು.

ಈ ಕಥೆಯಲ್ಲಿ ನಮ್ಮೂರಿಗೆ ಸೇರಿದ ಒಂದು ಪುಸ್ತಕವೂ ಇದೆ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಇಲ್ಲಿನ ನುಡಿಗೆ ಮನಸೋತು, ಕೊಂಕಣಿ ಬೆರೆತ ಮರಾಠಿಯಲ್ಲಿ 10,000ಕ್ಕೂ ಮಿಕ್ಕ ಪದ್ಯಗಳ ‘ಕ್ರಿಸ್ತ ಪುರಾಣ’ವನ್ನು ರಚಿಸಿದರು. ಅದು 1616ರಲ್ಲಿ ಮೊದಲು ಮುದ್ರಣಗೊಂಡು, 1649 ಮತ್ತು 1654ರಲ್ಲಿ ಮರುಮುದ್ರಣ ಕಂಡಿತು. ಬಳಿಕ ದೇಶಭಾಷೆಯೇ ಅಪರಾಧವಾದ ಕಾಲ ಬಂತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಈವರೆಗೆ ದೊರೆತಿಲ್ಲ. ಕೆನರಾಕ್ಕೆ ಬಂದವರ ಮನೆಗಳಲ್ಲಿ ಅದರ ಹಸ್ತಪ್ರತಿಗಳು ಉಳಿದುಕೊಂಡಿದ್ದವು. ಅವುಗಳನ್ನು ಹೋಲಿಸಿ ನೋಡಿ, ಜೋಸೆಫ್ ಸಲ್ಡಾನ್ಹಾ ಅವರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಮುದ್ರಿಸಿದರು.